ಮೇಣದ ತಂತಿಯಿಂದ ಕೋಲಾರದ ಬಂಡೆಯವರೆಗೆ: ಉಷ್ಣವಾಹಕತೆಯ ಹೋಲಿಕೆಯ ಇತಿಹಾಸ

ಬೆಳ್ಳಿ ಮತ್ತು ತಾಮ್ರ ಶಾಖವನ್ನು ಬೇಗ ಒಯ್ಯುತ್ತವೆ, ಕಬ್ಬಿಣ ಅಷ್ಟು ಬೇಗ ಒಯ್ಯುವುದಿಲ್ಲ, ಕಲ್ಲು ಮತ್ತು ಇಟ್ಟಿಗೆ ಬಹಳ ಹಿಂದೆ ಉಳಿಯುತ್ತವೆ, ಮರ ಹಾಗೂ ಉಣ್ಣೆ ಅದನ್ನು ಬಹುಮಟ್ಟಿಗೆ ತಡೆದೇ ಹಿಡಿಯುತ್ತವೆ ಎಂಬ ತಿಳಿವಳಿಕೆ ಕುಲುಮೆಯಷ್ಟೇ ಹಳೆಯದು. ಕಮ್ಮಾರನ ಇಕ್ಕಳದ ಉದ್ದನೆಯ ಹಿಡಿಕೆ, ಒಲೆಯ ಮೇಲಿನ ಪಾತ್ರೆಯನ್ನು ಇಳಿಸುವ ಮಸಿಬಟ್ಟೆ, ಚಳಿನಾಡಿನ ತುಪ್ಪಳದ ಅಂಗಿ ಇವೆಲ್ಲವೂ ಆ ತಿಳಿವಳಿಕೆಯನ್ನು ಬರವಣಿಗೆಯ ನೆರವಿಲ್ಲದೆ ಕಾಪಾಡಿಕೊಂಡು ಬಂದಿವೆ. ಆದರೆ ತಾಮ್ರವು ಕಬ್ಬಿಣಕ್ಕಿಂತ ಎಷ್ಟು ಪಾಲು ಉತ್ತಮವೆಂಬ ಪ್ರಶ್ನೆಗೆ ನಂಬಲರ್ಹವಾದ ಉತ್ತರ ದೊರೆಯಲು ಹತ್ತೊಂಬತ್ತನೆಯ ಶತಮಾನದ ನಡುಭಾಗ ದಾಟಬೇಕಾಯಿತು. ಆ ಹೊತ್ತಿಗೆ ಬೆಳಕಿನ ವೇಗವನ್ನೂ ಭೂಮಿಯ ಸಾಂದ್ರತೆಯನ್ನೂ ಅಳೆದು ಮುಗಿದಿತ್ತು. ಇಷ್ಟು ಪರಿಚಿತವಾದ ಗುಣವೊಂದು ಅಳತೆಗೆ ಸಿಗದೆ ಅಷ್ಟು ಕಾಲ ಉಳಿದುದಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ಕಾದ ವಸ್ತುವೊಂದರಲ್ಲಿ ಮೂರು ಕ್ರಿಯೆಗಳು ಒಟ್ಟಿಗೇ ನಡೆಯುತ್ತವೆ: ಉಷ್ಣವು ಬಿಸಿಯಾದ ಕಡೆಯಿಂದ ತಣ್ಣಗಿರುವ ಕಡೆಗೆ ಸಾಗುತ್ತದೆ, ಸಾಗುವ ದಾರಿಯಲ್ಲಿ ಆ ವಸ್ತುವನ್ನೇ ಬಿಸಿಮಾಡುತ್ತ ಅದರೊಳಗೆ ಸಂಗ್ರಹವಾಗುತ್ತದೆ, ವಸ್ತುವಿನ ಮೈಯಿಂದ ಸುತ್ತಲಿನ ಗಾಳಿಗೆ ಸೋರಿಹೋಗುತ್ತದೆ. ಇವುಗಳಲ್ಲಿ ಮೊದಲನೆಯದು ಮಾತ್ರ ವಾಹಕತೆಗೆ ಸಂಬಂಧಿಸಿದ್ದು. ಕಣ್ಣಿಗೆ ಮತ್ತು ಕೈಗೆ ಗೋಚರಿಸುವುದು ಮೂರರ ಮಿಶ್ರಣ. ಆ ಮಿಶ್ರಣವನ್ನು ಬಿಡಿಸಿ ನೋಡಲು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಪ್ರಯತ್ನವೇ ಉಷ್ಣವಾಹಕತೆಯ ಹೋಲಿಕೆಯ ಇತಿಹಾಸ.

ಈ ಪ್ರಯತ್ನದ ಮೊದಲ ಸ್ಪಷ್ಟ ಹೆಜ್ಜೆಗಳಲ್ಲೊಂದು ಬೆಂಜಮಿನ್ ಫ್ರಾಂಕ್ಲಿನ್ 1757ರಲ್ಲಿ ದಕ್ಷಿಣ ಕೆರೊಲಿನಾದ ವೈದ್ಯ ಜಾನ್ ಲೈನಿಂಗ್‌ಗೆ ಬರೆದ ಪತ್ರದಲ್ಲಿ ಕಾಣುತ್ತದೆ. ಬರೆಯುವ ಮೇಜಿನ ಮರವೂ ಅದಕ್ಕೆ ಜೋಡಿಸಿದ ಲೋಹದ ಬೀಗವೂ ಒಂದೇ ಕೋಣೆಯ ಗಾಳಿಯಲ್ಲಿದ್ದು ಒಂದೇ ತಾಪವನ್ನು ಹೊಂದಿದ್ದರೂ ಮುಟ್ಟಿದಾಗ ಬೀಗವೇ ಹೆಚ್ಚು ತಣ್ಣಗೆ ತೋರುತ್ತದೆ ಎಂಬುದನ್ನು ಅವನು ಅಲ್ಲಿ ವಿವರಿಸಿ, ಲೋಹವು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದೇ ಇದಕ್ಕೆ ಕಾರಣವೆಂದ. ಇಲ್ಲಿ ತಾಪವೆಂದರೆ ಒಂದು ವಸ್ತು ಎಷ್ಟು ಬಿಸಿಯಾಗಿದೆ ಎಂಬ ಮಟ್ಟ, ಉಷ್ಣವೆಂದರೆ ಒಂದರಿಂದ ಇನ್ನೊಂದಕ್ಕೆ ಹರಿಯುವ ಪ್ರಮಾಣ. ಈ ಎರಡನ್ನು ಬೇರೆಬೇರೆಯಾಗಿ ಕಾಣಬೇಕೆಂದು ಗ್ಲ್ಯಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಬೋಧಿಸುವ ಮೊದಲೇ ಫ್ರಾಂಕ್ಲಿನ್ನನ ವಿವರಣೆ ಅದೇ ದಿಕ್ಕಿನಲ್ಲಿ ಸಾಗಿತ್ತು. ವಿದ್ಯುತ್ತನ್ನು ಚೆನ್ನಾಗಿ ಹಾಯಿಸುವ ವಸ್ತುಗಳೇ ಉಷ್ಣವನ್ನೂ ಚೆನ್ನಾಗಿ ಹಾಯಿಸುತ್ತವೆ ಎಂಬ ಗಮನಿಕೆಯೂ ಅವನದೇ. ಆ ಗಮನಿಕೆಗೆ ಸಂಖ್ಯೆಗಳ ಬೆಂಬಲ ದೊರೆತದ್ದು ಸುಮಾರು ನೂರು ವರ್ಷಗಳ ಬಳಿಕ.

ಫ್ರಾಂಕ್ಲಿನ್ನನ ಸೂಚನೆಯ ಮೇರೆಗೆ ಲೋಹಗಳನ್ನು ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದವನು ಯಾನ್ ಇಂಗೆನ್‌ಹೌಸ್. ನೆದರ್ಲೆಂಡ್ಸಿನ ಬ್ರೇಡಾದಲ್ಲಿ ಹುಟ್ಟಿದ ಈ ವೈದ್ಯ 1768ರಲ್ಲಿ ವಿಯೆನ್ನಾದ ರಾಜಮನೆತನದವರಿಗೆ ಸಿಡುಬಿನ ವಿರುದ್ಧ ಚುಚ್ಚುಮದ್ದು ಹಾಕಿ ಮರಿಯಾ ತೆರೇಸಾಳ ಆಸ್ಥಾನ ವೈದ್ಯನಾದವನು. ಹಸಿರೆಲೆಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು 1779ರಲ್ಲಿ ತೋರಿಸಿಕೊಟ್ಟವನೂ ಅವನೇ. ಬೇರೆಬೇರೆ ಲೋಹಗಳಿಂದ ಒಂದೇ ದಪ್ಪದ ತಂತಿಗಳನ್ನು ಎಳೆಸಿ, ಅವುಗಳನ್ನು ಕರಗಿದ ಮೇಣದಲ್ಲಿ ಅದ್ದಿ ಮೈಮೇಲೆ ಸಮನಾದ ತೆಳು ಲೇಪ ಕೂರುವಂತೆ ಮಾಡಿ, ಎಲ್ಲವನ್ನೂ ಒಂದು ಚೌಕಟ್ಟಿಗೆ ಸಿಕ್ಕಿಸಿ ಕೆಳತುದಿಗಳನ್ನು ಏಕಕಾಲಕ್ಕೆ ಬಿಸಿ ಎಣ್ಣೆಯಲ್ಲಿ ಮುಳುಗಿಸುವುದು ಅವನ ವಿಧಾನವಾಗಿತ್ತು. ಉಷ್ಣ ಮೇಲೇರಿದಂತೆ ಮೇಣ ಕರಗಿ, ಕರಗಿದ ಮೇಣಕ್ಕೂ ಕರಗದ ಮೇಣಕ್ಕೂ ನಡುವೆ ಸ್ಪಷ್ಟವಾದ ಗೆರೆಯೊಂದು ಪ್ರತಿಯೊಂದು ತಂತಿಯ ಮೇಲೂ ಮೂಡುತ್ತಿತ್ತು. ಆ ಗೆರೆ ಯಾವುದರ ಮೇಲೆ ಹೆಚ್ಚು ಎತ್ತರಕ್ಕೆ ಹೋಯಿತೋ ಆ ಲೋಹ ಮೇಲಾದ ವಾಹಕವೆಂದು ಎಣಿಸಲಾಯಿತು. 1789ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೆಳ್ಳಿ ಎಲ್ಲಕ್ಕಿಂತ ಮುಂದಿತ್ತು, ಚಿನ್ನ, ತಾಮ್ರ, ತವರಗಳು ಅದರ ಹಿಂದೆ ಬಂದವು, ಕಬ್ಬಿಣ, ಉಕ್ಕು ಮತ್ತು ಸೀಸಗಳು ಬಹಳ ಹಿಂದೆ ಬಿದ್ದವು.

ಈ ಪ್ರಯೋಗದ ಸೊಗಸು ಅದರ ಸರಳತೆಯಲ್ಲಿದೆ. ತಾಪಮಾಪಕವೂ ಇಲ್ಲದೆ, ಉಷ್ಣವು ಒಂದು ನಿರ್ದಿಷ್ಟ ತಾಪವನ್ನು ಎಲ್ಲಿಯವರೆಗೆ ಕೊಂಡೊಯ್ದಿದೆ ಎಂಬುದನ್ನು ಮೇಣದ ಕರಗುಬಿಂದುವೇ ಗುರುತಿಸಿಕೊಡುತ್ತದೆ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇಂದಿಗೂ ಲೋಹದ ಸರಳಿಗೆ ಮೇಣದಿಂದ ಗುಂಡುಸೂಜಿಗಳನ್ನು ಅಂಟಿಸಿ ಅವು ಒಂದೊಂದಾಗಿ ಉದುರುವುದನ್ನು ತೋರಿಸುವ ಪಾಠ ಈ ಪ್ರಯೋಗದ ನೇರ ಸಂತತಿ. ಆದರೂ ಅದರೊಳಗೆ ಒಂದು ಬಲೆ ಅಡಗಿತ್ತು. ಎಣ್ಣೆಯಲ್ಲಿ ಅದ್ದಿದ ಮೊದಲ ನಿಮಿಷಗಳಲ್ಲಿ ಮೇಣದ ಗೆರೆ ಎಷ್ಟು ಬೇಗ ಮೇಲೇರುತ್ತದೆ ಎಂಬುದು ವಾಹಕತೆಯೊಂದನ್ನೇ ಅವಲಂಬಿಸಿಲ್ಲ. ತಂತಿಯ ಪ್ರತಿಯೊಂದು ತುಣುಕೂ ತಾನು ಬಿಸಿಯಾಗಲು ಎಷ್ಟು ಉಷ್ಣವನ್ನು ಕಬಳಿಸುತ್ತದೆ ಎಂಬುದನ್ನೂ ಅವಲಂಬಿಸಿದೆ. ಇಂದಿನ ಅಳತೆಗಳ ಪ್ರಕಾರ ಕಬ್ಬಿಣದ ಉಷ್ಣವಾಹಕತೆ ಸೀಸದ್ದಕ್ಕಿಂತ ಎರಡು ಪಾಲಿಗೂ ಹೆಚ್ಚು. ಆದರೆ ಒಂದೇ ಗಾತ್ರದ ಕಬ್ಬಿಣದ ತುಂಡನ್ನು ಒಂದು ಡಿಗ್ರಿ ಏರಿಸಲು ಬೇಕಾದ ಉಷ್ಣದ ಅರ್ಧಕ್ಕಿಂತಲೂ ಕಡಿಮೆ ಸೀಸದ ತುಂಡಿಗೆ ಸಾಕು. ಎರಡೂ ವ್ಯತ್ಯಾಸಗಳು ಒಂದನ್ನೊಂದು ಸರಿದೂಗಿಸುವುದರಿಂದ ತಾಪ ಹರಡುವ ವೇಗದಲ್ಲಿ ಸೀಸ ಮತ್ತು ಕಬ್ಬಿಣ ಹೆಚ್ಚುಕಡಿಮೆ ಸರಿಸಮ. ಮೊದಲ ಕ್ಷಣಗಳ ಓಟವನ್ನು ನೋಡಿ ತೀರ್ಪು ಕೊಟ್ಟವರು ಎರಡನ್ನೂ ಸಮಾನ ವಾಹಕಗಳೆಂದು ತಿಳಿಯುವ ಸಂಭವವಿತ್ತು; ಮೇಣದ ಗೆರೆ ಸಂಪೂರ್ಣ ನಿಂತಮೇಲೆ ನೋಡಿದವರಿಗೆ ಮಾತ್ರ ನಿಜವಾದ ಅಂತರ ಕಾಣುತ್ತಿತ್ತು. ಹರಡುವ ವೇಗ ಮತ್ತು ಸಾಗಿಸುವ ಸಾಮರ್ಥ್ಯ ಇವೆರಡೂ ಬೇರೆ ಎಂಬ ಈ ತಿಳಿವು ಮುಂದಿನ ಎಲ್ಲ ಅಳತೆಗಳ ತಳಹದಿಯಾಯಿತು.

ಇಂಗೆನ್‌ಹೌಸ್ ಲೋಹಗಳಲ್ಲಿ ತೊಡಗಿದ್ದ ಕಾಲದಲ್ಲೇ ಉಷ್ಣವನ್ನು ತಡೆಯುವ ವಸ್ತುಗಳ ಹೋಲಿಕೆ ಬವೇರಿಯಾದಲ್ಲಿ ನಡೆಯುತ್ತಿತ್ತು. ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ನಿನ ಪಕ್ಷ ವಹಿಸಿ, ಕೊನೆಗೆ ಮ್ಯೂನಿಕ್ಕಿನಲ್ಲಿ ಸೈನ್ಯದ ಆಡಳಿತ ಹಿಡಿದ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಂಫರ್ಡ್, ಸೈನಿಕರ ಉಡುಪಿಗೆ ಯಾವ ಬಟ್ಟೆ ಒಳ್ಳೆಯದೆಂದು ತಿಳಿಯಬೇಕಾಗಿತ್ತು. ತಾಪಮಾಪಕದ ಬುರುಡೆಯನ್ನು ಅದಕ್ಕಿಂತ ದೊಡ್ಡ ಗಾಜಿನ ಬುರುಡೆಯೊಂದರ ನಡುವೆ ಕೂರಿಸಿ, ನಡುವಿನ ಜಾಗದಲ್ಲಿ ಪ್ರತಿ ಬಾರಿಯೂ ಒಂದೇ ತೂಕದ ರೇಷ್ಮೆ, ಉಣ್ಣೆ, ಹತ್ತಿ, ನಾರು, ಮೊಲದ ತುಪ್ಪಳ, ಬಾತಿನ ಮೃದುಗರಿ ಮುಂತಾದವನ್ನು ತುಂಬಿ, ಕುದಿನೀರಿನಲ್ಲಿ ಕಾಯಿಸಿ ಮಂಜುಗಡ್ಡೆಯ ನೀರಿಗೆ ಇಳಿಸಿ, ರೆಯೋಮ್ಯೂರ್ ಮಾನದ 70 ಡಿಗ್ರಿಯಿಂದ 10 ಡಿಗ್ರಿಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅವನು ಎಣಿಸಿದ. ಬರಿಯ ಗಾಳಿ ತುಂಬಿದ್ದಾಗ 576 ಸೆಕೆಂಡು ಹಿಡಿದರೆ ಹತ್ತಿಯಿದ್ದಾಗ 1046, ಮೊಲದ ತುಪ್ಪಳವಿದ್ದಾಗ 1315 ಸೆಕೆಂಡು ಹಿಡಿಯಿತು. ಈ ಕೆಲಸಕ್ಕಾಗಿ 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ನೀಡಿತು. ತುಂಬಿದ ನೂಲು ಆ ಜಾಗದ ಅತಿ ಸಣ್ಣ ಪಾಲನ್ನಷ್ಟೇ ಆಕ್ರಮಿಸಿತ್ತು, ಉಳಿದುದೆಲ್ಲ ಗಾಳಿಯೇ ಆಗಿತ್ತು. ಆದ್ದರಿಂದ ಚಳಿಯನ್ನು ತಡೆಯುವುದು ನೂಲಲ್ಲ, ನೂಲಿನ ಎಳೆಗಳ ನಡುವೆ ಅಲುಗಾಡದಂತೆ ಸಿಕ್ಕಿಬಿದ್ದ ಗಾಳಿ ಎಂಬ ಅವನ ತೀರ್ಮಾನ ಇಂದಿಗೂ ನಿಂತಿದೆ. ನಿಶ್ಚಲ ಗಾಳಿಯ ವಾಹಕತೆ ಉಣ್ಣೆಯ ಬಟ್ಟೆಗಿಂತಲೂ ಕಡಿಮೆ. ಗಾಳಿ ಸೋಲುವುದು ಅದು ಹರಿದಾಡುವುದರಿಂದ ಮಾತ್ರ. ಇದೇ ತರ್ಕವನ್ನು ಅತಿಯಾಗಿ ಚಾಚಿ, ದ್ರವಗಳಿಗೂ ಅನಿಲಗಳಿಗೂ ವಾಹಕತೆಯೇ ಇಲ್ಲ, ಅವು ಹರಿದಾಟದಿಂದ ಮಾತ್ರ ಉಷ್ಣವನ್ನು ಸಾಗಿಸುತ್ತವೆ ಎಂದು ರಂಫರ್ಡ್ ವಾದಿಸಿದ್ದು ತಪ್ಪೆಂದು ಬೇಗನೇ ಸಾಬೀತಾಯಿತು. ಆದರೂ ವಹನ, ಅಂದರೆ ವಸ್ತು ಕದಲದೆ ಅದರೊಳಗೆ ಉಷ್ಣ ಸಾಗುವ ಬಗೆ, ಮತ್ತು ಸಂವಹನ, ಅಂದರೆ ವಸ್ತುವೇ ಚಲಿಸಿ ಉಷ್ಣವನ್ನು ಹೊತ್ತೊಯ್ಯುವ ಬಗೆ, ಇವುಗಳ ನಡುವಿನ ಗಡಿ ಸ್ಪಷ್ಟವಾದದ್ದು ಅವನ ಪ್ರಯೋಗಗಳಿಂದಲೇ.

ಇಷ್ಟೆಲ್ಲ ನಡೆದರೂ ವಾಹಕತೆ ಎಂದರೇನೆಂಬ ವ್ಯಾಖ್ಯೆಯೇ ಇನ್ನೂ ಇರಲಿಲ್ಲ. ಒಂದು ತುದಿಯನ್ನು ಕಾಯಿಸಿದ ಸಲಾಕೆಯ ಉದ್ದಕ್ಕೂ ತಾಪ ಹೇಗೆ ಇಳಿಯುತ್ತದೆ ಎಂಬುದನ್ನು 1804ರಲ್ಲಿ ಪರಿಶೀಲಿಸಿದ ಝಾನ್ ಬಾಪ್ಟಿಸ್ಟ್ ಬಿಯೋ, ಎರಡು ಮೀಟರ್ ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಎಷ್ಟು ಕಾಯಿಸಿದರೂ ಇನ್ನೊಂದು ತುದಿ ಒಂದು ಡಿಗ್ರಿಯಷ್ಟೂ ಏರುವುದು ಅಸಾಧ್ಯ, ಅಷ್ಟರೊಳಗೆ ಕಾಯಿಸಿದ ತುದಿ ಕರಗಿಹೋಗುತ್ತದೆ ಎಂದು ತೋರಿಸಿದರೂ ಅದರ ಹಿಂದಿನ ಸಮೀಕರಣವನ್ನು ಪೂರ್ಣವಾಗಿ ಕಟ್ಟಲಾರದೆ ಹೋದ. ಅದನ್ನು ಕಟ್ಟಿದವನು ಝೋಸೆಫ್ ಫೂರಿಯೆ. ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋಗಿ ಬಂದು, 1802ರಿಂದ ಗ್ರೆನೋಬಲ್ಲಿನಲ್ಲಿ ಪ್ರಾಂತಾಧಿಕಾರಿಯಾಗಿ ರಸ್ತೆ ಮಾಡಿಸುವ, ಜೌಗು ಬತ್ತಿಸುವ ಕೆಲಸಗಳ ನಡುವೆ ಅವನು ಬರೆದ ಪ್ರಬಂಧ 1807ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಬಂದಾಗ ಲಗ್ರಾಂಜ್‌ನಂಥ ಗಣಿತಜ್ಞರು ಅದರ ವಿಧಾನವನ್ನು ಒಪ್ಪಲಿಲ್ಲ; 1822ರಲ್ಲಿ ಅದು ವಿಸ್ತಾರಗೊಂಡು ಉಷ್ಣದ ವಿಶ್ಲೇಷಣಾತ್ಮಕ ಸಿದ್ಧಾಂತವೆಂಬ ಗ್ರಂಥವಾಗಿ ಹೊರಬಂತು. ಫೂರಿಯೆ ಕೊಟ್ಟ ವ್ಯಾಖ್ಯೆ ಇಂದಿನ ಮಾನಗಳಲ್ಲಿ ಹೀಗಿದೆ: ಒಂದು ಮೀಟರ್ ದಪ್ಪದ, ಒಂದು ಚದರ ಮೀಟರ್ ಹರಹಿನ ಹಲಗೆಯ ಎರಡು ಮುಖಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವನ್ನು ಸ್ಥಿರವಾಗಿ ಉಳಿಸಿದಾಗ ಸೆಕೆಂಡಿಗೆ ಎಷ್ಟು ಉಷ್ಣ ಹಾದುಹೋಗುತ್ತದೋ ಅದೇ ಆ ವಸ್ತುವಿನ ಉಷ್ಣವಾಹಕತೆ. ಕೋಣೆಯ ತಾಪದಲ್ಲಿ ಈ ಸಂಖ್ಯೆ ಬೆಳ್ಳಿಗೆ ಸುಮಾರು 430, ತಾಮ್ರಕ್ಕೆ 400, ಚಿನ್ನಕ್ಕೆ 318, ಅಲ್ಯೂಮಿನಿಯಂಗೆ 237, ಕಬ್ಬಿಣಕ್ಕೆ 80, ಸೀಸಕ್ಕೆ 35, ಸ್ಟೇನ್‌ಲೆಸ್ ಸ್ಟೀಲಿಗೆ 15, ಗಾಜಿಗೆ 1, ಒಣ ಮರಕ್ಕೆ 0.1ರಿಂದ 0.2, ಗಾಳಿಗೆ 0.026.

ಫೂರಿಯೆಯ ಗಣಿತವು ಹಳೆಯ ಮೇಣದ ಪ್ರಯೋಗಕ್ಕೂ ಹೊಸ ಅರ್ಥ ಕೊಟ್ಟಿತು. ಕಾಯಿಸಿದ ಸರಳಿನಲ್ಲಿ ಬಹಳ ಹೊತ್ತಿನ ಮೇಲೆ ಸ್ಥಿರಸ್ಥಿತಿ ಬರುತ್ತದೆ, ಅಂದರೆ ಯಾವ ಬಿಂದುವಿನ ತಾಪವೂ ಇನ್ನು ಏರುವುದಿಲ್ಲ. ಸಂಗ್ರಹವಾಗುವ ಕೆಲಸ ಮುಗಿದಿರುವುದರಿಂದ ಸಾಗುವುದು ಮತ್ತು ಸೋರುವುದು ಎರಡೇ ಉಳಿಯುತ್ತವೆ. ಹೊಲದುದ್ದಕ್ಕೂ ಇಂಗುತ್ತ ಹೋಗುವ ಕಾಲುವೆಯಲ್ಲಿ ನೀರು ಎಷ್ಟು ದೂರ ತಲುಪುತ್ತದೆ ಎಂಬುದು ಹರಿವಿನಷ್ಟೇ ಇಂಗುವಿಕೆಯ ಮೇಲೂ ನಿಂತಿರುವಂತೆ, ಸರಳಿನಲ್ಲಿ ಬಿಸಿ ತಲುಪುವ ದೂರವೂ ಎರಡರ ಲೆಕ್ಕ. ದಪ್ಪವೂ ಮೈಯ ಹೊಳಪೂ ಒಂದೇ ಆಗಿರುವ ಸರಳುಗಳಲ್ಲಿ ಮೇಣ ಕರಗಿ ನಿಂತ ದೂರಗಳ ವರ್ಗಗಳು ವಾಹಕತೆಗಳ ಪ್ರಮಾಣದಲ್ಲಿರುತ್ತವೆ. ಒಂದರಲ್ಲಿ ಮೇಣ ಎರಡು ಪಾಲು ದೂರ ಕರಗಿದ್ದರೆ ಅದರ ವಾಹಕತೆ ನಾಲ್ಕು ಪಾಲು. ಅದುವರೆಗೆ ಕೇವಲ ಮೊದಲು, ಎರಡನೆಯದು, ಮೂರನೆಯದು ಎಂಬ ಸರದಿಯನ್ನಷ್ಟೇ ಕೊಡುತ್ತಿದ್ದ ಪ್ರಯೋಗ ಈಗ ಅನುಪಾತಗಳನ್ನು ಕೊಡತೊಡಗಿತು.

ಆ ಅನುಪಾತಗಳನ್ನು ಮೊದಲು ವ್ಯಾಪಕವಾಗಿ ಕಲೆಹಾಕಿದವನು 1820ರ ದಶಕದಲ್ಲಿ ಸೆಸಾರ್ ದೆಪ್ರೆ. ಸರಳುಗಳ ಉದ್ದಕ್ಕೂ ಸಮದೂರದಲ್ಲಿ ಗುಳಿ ತೋಡಿ, ಪಾದರಸ ತುಂಬಿ, ಪ್ರತಿ ಗುಳಿಯಲ್ಲಿ ತಾಪಮಾಪಕ ನಿಲ್ಲಿಸಿ, ಎಲ್ಲ ಸರಳುಗಳಿಗೂ ಒಂದೇ ವಾರ್ನಿಷ್ ಬಳಿದು ಸೋರಿಕೆಯನ್ನು ಸಮಗೊಳಿಸಿದ ಅವನು ಚಿನ್ನವನ್ನು 1000 ಎಂದಿಟ್ಟುಕೊಂಡು ಪಟ್ಟಿ ತಯಾರಿಸಿದ: ಪ್ಲಾಟಿನಂ 981, ಬೆಳ್ಳಿ 973, ತಾಮ್ರ 898, ಕಬ್ಬಿಣ 374, ಸತು 363, ತವರ 304, ಸೀಸ 180, ಅಮೃತಶಿಲೆ ಸುಮಾರು 24, ಪಿಂಗಾಣಿ 12, ಇಟ್ಟಿಗೆಯ ಮಣ್ಣು 11. ಲೋಹವೂ ಕಲ್ಲೂ ಮಣ್ಣೂ ಒಂದೇ ಮಾನದ ಮೇಲೆ ನಿಂತ ಈ ಪಟ್ಟಿ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನೆಲೆನಿಂತಿತು. ಅದರಲ್ಲಿ ಚಿನ್ನವು ಬೆಳ್ಳಿಗಿಂತ ಮೇಲಿರುವುದು ಸಣ್ಣ ತಪ್ಪು. ಪ್ಲಾಟಿನಂ ಚಿನ್ನದ ಪಕ್ಕದಲ್ಲಿ ಕುಳಿತಿರುವುದು ಬಹಳ ದೊಡ್ಡ ತಪ್ಪು, ಏಕೆಂದರೆ ಪ್ಲಾಟಿನಂನ ನಿಜವಾದ ವಾಹಕತೆ ಕಬ್ಬಿಣದ್ದಕ್ಕಿಂತಲೂ ತುಸು ಕಡಿಮೆ. ಸರಳಿಗೆ ತೋಡಿದ ಗುಳಿಗಳೇ ಉಷ್ಣದ ಹರಿವಿಗೆ ಅಡ್ಡಿ ತರುತ್ತವೆ ಎಂಬ ಆಕ್ಷೇಪವೂ ಈ ವಿಧಾನದ ಮೇಲಿತ್ತು. ಇದಕ್ಕಿಂತ ಬೇರೆಯ ದಾರಿ ಹಿಡಿದ ಯೂಜೀನ್ ಪೆಕ್ಲೆ, ಲೋಹದ ತಗಡಿನ ಎರಡೂ ಬದಿಗೆ ಬೇರೆ ಬೇರೆ ತಾಪದ ನೀರನ್ನಿಟ್ಟು ಹಾಯುವ ಉಷ್ಣವನ್ನು ನೇರವಾಗಿ ಅಳೆಯಹೊರಟಾಗ ಯಾವ ಲೋಹವನ್ನಿಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಬರುತ್ತಿರುವುದನ್ನು ಕಂಡ. ತಗಡಿಗೆ ಅಂಟಿ ನಿಂತ ತೆಳುವಾದ ನೀರಿನ ಪದರವೇ ಲೋಹಕ್ಕಿಂತ ಎಷ್ಟೋ ಪಾಲು ಹೆಚ್ಚು ತಡೆಯೊಡ್ಡುತ್ತಿದ್ದುದರಿಂದ, ಆ ಪದರವನ್ನು ಕುಂಚಗಳಿಂದ ಎಡೆಬಿಡದೆ ಕದಡುವ ಏರ್ಪಾಡು ಮಾಡುವವರೆಗೆ ಅವನು ಅಳೆದದ್ದು ಲೋಹವನ್ನಲ್ಲ, ನೀರನ್ನು.

ದೆಪ್ರೆಯ ತಪ್ಪು ಸರಿಯಾದದ್ದು 1853ರಲ್ಲಿ, ಗುಸ್ಟಾಫ್ ವೀಡೆಮನ್ ಮತ್ತು ರುಡಾಲ್ಫ್ ಫ್ರಾಂಟ್ಸ್ ಎಂಬ ಇಬ್ಬರು ಜರ್ಮನ್ ಭೌತವಿಜ್ಞಾನಿಗಳಿಂದ. 1821ರಲ್ಲಿ ಸೀಬೆಕ್ ಕಂಡುಹಿಡಿದ ಪರಿಣಾಮವೊಂದು ಅವರ ನೆರವಿಗಿತ್ತು: ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ತಾಪಕ್ಕೆ ತಕ್ಕಂತೆ ವಿದ್ಯುತ್ಪ್ರವಾಹ ಹುಟ್ಟುತ್ತದೆ, ಈ ಜೋಡಿಯನ್ನು ಉಷ್ಣಯುಗ್ಮ ಎನ್ನುತ್ತಾರೆ. ಸರಳಿಗೆ ಗುಳಿ ತೋಡದೆ, ಉಷ್ಣಯುಗ್ಮದ ತುದಿಯನ್ನು ಅದರ ಮೈಗೆ ತಾಗಿಸಿಯೇ ತಾಪವನ್ನು ಓದುವುದು ಇದರಿಂದ ಸಾಧ್ಯವಾಯಿತು. ಎಲ್ಲ ಸರಳುಗಳಿಗೂ ಬೆಳ್ಳಿಯ ಮುಲಾಮು ಕೊಟ್ಟು ಮೈಯನ್ನು ಒಂದೇ ಬಗೆಗೊಳಿಸಿ, ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೆ ಅವುಗಳನ್ನಿಟ್ಟು, ಒಂದು ತುದಿಗೆ ಹಬೆ ಹಾಯಿಸಿದ ಅವರ ಪಟ್ಟಿಯಲ್ಲಿ ಬೆಳ್ಳಿ 100, ತಾಮ್ರ 73.6, ಚಿನ್ನ 53.2, ತವರ 14.5, ಕಬ್ಬಿಣ 11.9, ಸೀಸ 8.5, ಪ್ಲಾಟಿನಂ 8.4, ಬಿಸ್ಮತ್ 1.8 ಎಂದಿತ್ತು. ಕಾಲು ಶತಮಾನದ ಕಾಲ ಚಿನ್ನದ ಸರಿಸಾಟಿಯಾಗಿದ್ದ ಪ್ಲಾಟಿನಂ ಸೀಸದ ಪಕ್ಕಕ್ಕೆ ಇಳಿಯಿತು. ಇಂದಿನ ಅಳತೆಗೆ ಹೋಲಿಸಿದರೆ ಅವರು ತಾಮ್ರಕ್ಕೂ ಚಿನ್ನಕ್ಕೂ ಕೊಟ್ಟ ಬೆಲೆ ಕಡಿಮೆಯೇ. ಅತ್ಯಲ್ಪ ಕಲಬೆರಕೆಯೂ ಲೋಹದ ವಾಹಕತೆಯನ್ನು ಗಣನೀಯವಾಗಿ ತಗ್ಗಿಸುತ್ತದೆ, ಆ ಕಾಲದಲ್ಲಿ ಇಂದಿನಷ್ಟು ಶುದ್ಧವಾದ ಲೋಹ ಸಿಗುತ್ತಿರಲಿಲ್ಲ.

ಈ ಪಟ್ಟಿಯ ನಿಜವಾದ ಮಹತ್ವ ಬೇರೆಡೆಯಿತ್ತು. ಅದರ ಪಕ್ಕದಲ್ಲಿ ಅದೇ ಲೋಹಗಳ ವಿದ್ಯುದ್ವಾಹಕತೆಯ ಪಟ್ಟಿಯನ್ನಿಟ್ಟಾಗ ಎರಡೂ ಸಾಲಿಗೆ ಸಾಲು ಹೊಂದಿಕೊಂಡವು. ಎಡಿನ್‌ಬರೋದ ಜೇಮ್ಸ್ ಡೇವಿಡ್ ಫೋರ್ಬ್ಸ್ 1830ರ ದಶಕದಲ್ಲಿಯೇ ಎರಡೂ ಸರದಿಗಳು ಒಂದೇ ಎಂದು ಹೇಳಿದ್ದರೂ, ಸರದಿಯಷ್ಟೇ ಅಲ್ಲದೆ ಅನುಪಾತವೂ ಬಹುಮಟ್ಟಿಗೆ ಒಂದೇ ಎಂದು ಗೊತ್ತಾದದ್ದು ಈಗ. ಅದು ವೀಡೆಮನ್–ಫ್ರಾಂಟ್ಸ್ ನಿಯಮವೆಂಬ ಹೆಸರು ಪಡೆಯಿತು. ಉಷ್ಣವಾಹಕತೆಗೂ ವಿದ್ಯುದ್ವಾಹಕತೆಗೂ ಇರುವ ಅನುಪಾತವು ತಾಪದೊಡನೆ ಏರುತ್ತದೆಂದು ಡೆನ್ಮಾರ್ಕಿನ ಲುಡ್ವಿಗ್ ಲೊರೆನ್ಸ್ ಮುಂದೆ ತೋರಿಸಿದ. ಲೋಹದೊಳಗೆ ಸ್ವತಂತ್ರವಾಗಿ ಅಲೆಯುವ ಎಲೆಕ್ಟ್ರಾನುಗಳೇ ವಿದ್ಯುತ್ತನ್ನೂ ಉಷ್ಣವನ್ನೂ ಹೊರುತ್ತವೆ ಎಂದು 1900ರಲ್ಲಿ ಪೌಲ್ ಡ್ರೂಡೆ ಇದಕ್ಕೆ ಕಾರಣ ಕೊಟ್ಟ, ಕ್ವಾಂಟಂ ಸಿದ್ಧಾಂತದ ಬಲದಿಂದ ಆರ್ನೋಲ್ಡ್ ಸೊಮ್ಮರ್‌ಫೆಲ್ಡ್ 1920ರ ದಶಕದ ಕೊನೆಯಲ್ಲಿ ಅದನ್ನು ತಿದ್ದಿದ. ಸ್ವತಂತ್ರ ಎಲೆಕ್ಟ್ರಾನುಗಳೇ ಇಲ್ಲದ ವಜ್ರವು ತಾಮ್ರಕ್ಕಿಂತ ಹಲವು ಪಾಲು ಉತ್ತಮ ಉಷ್ಣವಾಹಕವಾಗಿರುವುದು ಈ ನಿಯಮಕ್ಕೆ ಹೊರಗಿನ ಸಂಗತಿ. ಅಲ್ಲಿ ಉಷ್ಣವನ್ನು ಸಾಗಿಸುವುದು ಬಿಗಿಯಾಗಿ ಹೆಣೆದುಕೊಂಡ ಪರಮಾಣುಗಳ ಕಂಪನ.

ಅನುಪಾತ ದೊರೆತರೂ ಮೂಲಬೆಲೆ ಇನ್ನೂ ದೊರೆತಿರಲಿಲ್ಲ, ಅಂದರೆ ಬೆಳ್ಳಿಯ 100 ಎಂಬುದು ಎಷ್ಟು ಉಷ್ಣವೆಂದು ಯಾರೂ ನಂಬಿಕೆಯಿಂದ ಹೇಳುವಂತಿರಲಿಲ್ಲ. ಫೋರ್ಬ್ಸ್ 1850ರ ದಶಕದಲ್ಲಿ ಕೈಗೆತ್ತಿಕೊಂಡು, ಆರೋಗ್ಯ ಕೆಟ್ಟಿದ್ದರೂ 1860ರ ದಶಕದಲ್ಲಿ ಪೂರೈಸಿದ ಕೆಲಸ ಇದೇ, ಮತ್ತು ಈ ಇತಿಹಾಸದಲ್ಲಿ ಬುದ್ಧಿಯ ಹೊಳಪಿನಿಂದ ಅತ್ಯಂತ ಮೆಚ್ಚುಗೆಗೆ ಅರ್ಹವಾದದ್ದೂ ಇದೇ. ಎಂಟು ಅಡಿ ಉದ್ದದ, ಒಂದೂಕಾಲು ಅಂಗುಲ ಚೌಕದ ಮೆದುಕಬ್ಬಿಣದ ಸರಳಿನ ಒಂದು ತುದಿಯನ್ನು ಕರಗಿದ ಲೋಹದ ಮೂಸೆಯಲ್ಲಿ ಸೇರಿಸಿ, ಗಂಟೆಗಟ್ಟಲೆ ಕಾದು, ಸ್ಥಿರಸ್ಥಿತಿ ಬಂದಮೇಲೆ ಉದ್ದಕ್ಕೂ ತಾಪಗಳನ್ನು ಗುರುತಿಸಿಕೊಳ್ಳುವುದು ಮೊದಲ ಭಾಗ. ಆಗ ಸರಳಿನ ಯಾವುದೇ ಅಡ್ಡಕೊಯ್ತದ ಮೂಲಕ ಹಾಯುವ ಉಷ್ಣವು ಅದರಾಚೆಯ ಭಾಗದ ಮೈಯಿಂದ ಸೋರುವ ಒಟ್ಟು ಉಷ್ಣಕ್ಕೆ ಸಮ. ಸೋರಿಕೆ ಗೊತ್ತಾದರೆ ಹರಿವು ಗೊತ್ತಾಗುತ್ತದೆ. ಸೋರಿಕೆಯನ್ನು ಊಹಿಸಿಕೊಳ್ಳುವ ಬದಲು ಫೋರ್ಬ್ಸ್ ಅದೇ ಕಬ್ಬಿಣದ, ಅದೇ ಅಗಲದ, ಚಿಕ್ಕ ಸರಳೊಂದನ್ನು ಇಡಿಯಾಗಿ ಕಾಯಿಸಿ ಪಕ್ಕದಲ್ಲೇ ಆರಲು ಬಿಟ್ಟು, ಯಾವ ತಾಪದಲ್ಲಿ ಅದು ನಿಮಿಷಕ್ಕೆ ಎಷ್ಟು ಡಿಗ್ರಿ ಇಳಿಯುತ್ತದೆಂದು ಬರೆದುಕೊಂಡ. ಹೀಗೆ ಮೊದಲ ಪ್ರಯೋಗದಲ್ಲಿ ಸಂಗ್ರಹವನ್ನು ಇಲ್ಲವಾಗಿಸಿ, ಎರಡನೆಯದರಲ್ಲಿ ಸಾಗಣೆಯನ್ನು ಇಲ್ಲವಾಗಿಸಿ, ಮೂರು ಕ್ರಿಯೆಗಳ ಗಂಟನ್ನು ಅವನು ಬಿಡಿಸಿದ. ಕಬ್ಬಿಣದ ವಾಹಕತೆ ತಾಪ ಏರಿದಂತೆ ಕುಗ್ಗುತ್ತದೆ ಎಂಬುದೂ ಈ ಅಳತೆಗಳಿಂದ ಹೊರಬಿತ್ತು. ಅದೇ ಕಾಲದಲ್ಲಿ, 1861ರಲ್ಲಿ, ಸ್ವೀಡನ್ನಿನ ಆಂಡರ್ಸ್ ಓಂಗ್‌ಸ್ಟ್ರೋಮ್ ಸರಳನ್ನು ನಿಯತಕಾಲದಲ್ಲಿ ಕಾಯಿಸುತ್ತ ತಣಿಸುತ್ತ ಅದರೊಳಗೆ ತಾಪದ ಅಲೆಗಳನ್ನು ಕಳುಹಿಸಿ, ಅಲೆ ಎಷ್ಟು ತಡವಾಗಿ, ಎಷ್ಟು ಕುಗ್ಗಿ ತಲುಪುತ್ತದೆಂಬುದರಿಂದ ವಾಹಕತೆಯನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿದ.

ಪ್ರಕೃತಿಯೇ ವರ್ಷಕ್ಕೊಮ್ಮೆ ಕಳುಹಿಸುವ ಅಂಥ ಅಲೆಯನ್ನು ಫೋರ್ಬ್ಸ್ ಅದಕ್ಕೂ ಮೊದಲೇ ಬಳಸಿಕೊಂಡಿದ್ದ. 1837ರಲ್ಲಿ ಎಡಿನ್‌ಬರೋ ಸುತ್ತಮುತ್ತ ಕಾಲ್ಟನ್ ಗುಡ್ಡದ ಜ್ವಾಲಾಮುಖಿ ಶಿಲೆ, ಪ್ರಾಯೋಗಿಕ ತೋಟವೊಂದರ ಮರಳು, ಕ್ರೇಗ್‌ಲೀತ್ ಗಣಿಯ ಮರಳುಗಲ್ಲು ಎಂಬ ಮೂರು ಬಗೆಯ ನೆಲದಲ್ಲಿ 3, 6, 12 ಮತ್ತು 24 ಫ್ರೆಂಚ್ ಅಡಿಗಳ ಆಳಕ್ಕೆ, ಕೊಳವೆ ನೆಲದ ಮೇಲಕ್ಕೆ ಚಾಚಿಕೊಂಡಿರುವ ಉದ್ದನೆಯ ತಾಪಮಾಪಕಗಳನ್ನು ಹೂಳಿಸಿ ವರ್ಷಗಟ್ಟಲೆ ಓದಿಸಲಾಯಿತು. ಬೇಸಿಗೆಯ ಬಿಸಿ ಕಾಲ್ಟನ್ ಗುಡ್ಡದ 24 ಅಡಿ ಆಳವನ್ನು ಮುಟ್ಟುವ ವೇಳೆಗೆ ಮೇಲೆ ನಡುಚಳಿಗಾಲ ಬಂದಿರುತ್ತಿತ್ತು. ಮರಳುಗಲ್ಲಿನಲ್ಲಿ ಅದು ಎಷ್ಟೋ ಬೇಗ ತಲುಪುತ್ತಿತ್ತು. ತಡವಾಗುವ ಕಾಲದಿಂದಲೇ ಮೂರು ನೆಲಗಳ ಹೋಲಿಕೆ ಸಿದ್ಧವಾಯಿತು, ಅವುಗಳಲ್ಲಿ ಕ್ರೇಗ್‌ಲೀತಿನ ಮರಳುಗಲ್ಲು ಮುಂದಿತ್ತು.

ಈ ಸಂಖ್ಯೆಗಳು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನ ಕೈಗೆ ಬಂದಾಗ ಅವುಗಳ ಅರ್ಥ ನೆಲದಡಿಯ ಕೆಲವು ಅಡಿಗಳನ್ನು ಮೀರಿ ಬೆಳೆಯಿತು. ಕುದಿಯುವ ಗೋಳವಾಗಿ ಆರಂಭವಾದ ಭೂಮಿ ಬರಿಯ ವಹನದಿಂದ ತಣಿಯುತ್ತ ಬಂದಿದೆಯೆಂದು ಇಟ್ಟುಕೊಂಡು, ಬಂಡೆಯ ವಾಹಕತೆಯನ್ನೂ ಗಣಿಗಳಲ್ಲಿ ಆಳಕ್ಕಿಳಿದಂತೆ ತಾಪ ಏರುವ ದರವನ್ನೂ ಫೂರಿಯೆಯ ಸಮೀಕರಣದಲ್ಲಿ ಸೇರಿಸಿ, ಭೂಮಿಯ ವಯಸ್ಸು ಸುಮಾರು 9.8 ಕೋಟಿ ವರ್ಷ, ಅನಿಶ್ಚಿತತೆಗೆ ಎಡೆಕೊಟ್ಟರೆ 2 ಕೋಟಿಯಿಂದ 40 ಕೋಟಿಯೊಳಗೆ ಎಂದು ಅವನು 1862ರಲ್ಲಿ ಸಾರಿದ. ಡಾರ್ವಿನ್ನನ ವಿಕಾಸವಾದಕ್ಕೆ ಅಷ್ಟು ಕಾಲ ಸಾಲದಾಗಿದ್ದುದರಿಂದ ಈ ಸಂಖ್ಯೆ ದೀರ್ಘವಾದ ವಾದವಿವಾದ ಹುಟ್ಟಿಸಿತು. ಕೆಲ್ವಿನ್ನನ ಲೆಕ್ಕದ ಬಿರುಕನ್ನು 1895ರಲ್ಲಿ ತೋರಿಸಿದವನು, ಹಿಂದೆ ಅವನ ಸಹಾಯಕನೇ ಆಗಿದ್ದ ಜಾನ್ ಪೆರ್ರಿ. ಮೇಲ್ಪದರದ ಬಂಡೆಯ ವಾಹಕತೆಯೇ ಭೂಮಿಯ ಒಡಲಿನವರೆಗೂ ಒಂದೇ ಸಮ ಇದೆಯೆಂಬುದು ಕೇವಲ ಊಹೆ, ಒಳಭಾಗದಲ್ಲಿ ಉಷ್ಣ ಹೆಚ್ಚು ಸುಲಭವಾಗಿ ಸಾಗುವಂತಿದ್ದರೆ ವಯಸ್ಸು ಹಲವು ಪಾಲು ಹೆಚ್ಚುತ್ತದೆ ಎಂದು ಪೆರ್ರಿ ವಾದಿಸಿದ. ವಿಕಿರಣಶೀಲತೆಯ ಶೋಧವೇ ಕೆಲ್ವಿನ್ನನ ಲೆಕ್ಕವನ್ನು ಕೆಡಿಸಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಮುಖ್ಯ ದೋಷ ಪೆರ್ರಿ ಬೆರಳಿಟ್ಟ ಜಾಗದಲ್ಲಿಯೇ ಇತ್ತು, ಭೂಮಿಯ ಒಡಲು ನಿಶ್ಚಲವಲ್ಲ, ಅಲ್ಲಿ ಅತಿ ನಿಧಾನವಾದ ಸಂವಹನ ನಡೆಯುತ್ತಿದೆ.

ರಬ್ಬರು, ರಟ್ಟು, ಗಾಜಿನಂಥ ಮಂದವಾಹಕಗಳಿಗೆ ಉದ್ದನೆಯ ಸರಳಿನ ವಿಧಾನ ಒಗ್ಗುವುದಿಲ್ಲ, ಏಕೆಂದರೆ ಬಿಸಿ ನಾಲ್ಕು ಬೆರಳು ಸಾಗುವಷ್ಟರಲ್ಲಿ ಪೂರಾ ಸೋರಿಹೋಗುತ್ತದೆ. ಮ್ಯಾಂಚೆಸ್ಟರಿನ ಚಾರ್ಲ್ಸ್ ಲೀಸ್ 1890ರ ದಶಕದಲ್ಲಿ ವಸ್ತುವನ್ನು ತೆಳುವಾದ ಬಿಲ್ಲೆಯಾಗಿ ಕತ್ತರಿಸಿ ಎರಡು ಲೋಹದ ಬಿಲ್ಲೆಗಳ ನಡುವೆ ಇಡುವ ದಾರಿ ಕಂಡುಕೊಂಡ. ಕರ್ನಾಟಕದ ಪದವಿ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಾಲಯಗಳಲ್ಲಿ ಲೀಸ್ ಡಿಸ್ಕ್ ಎಂದು ಪರಿಚಿತವಾಗಿರುವ ಉಪಕರಣದಲ್ಲಿ ಮೇಲೆ ಹಬೆಯ ಪೆಟ್ಟಿಗೆ, ನಡುವೆ ರಟ್ಟಿನ ಅಥವಾ ಎಬೊನೈಟಿನ ಬಿಲ್ಲೆ, ಕೆಳಗೆ ತೂಗಿಬಿಟ್ಟ ಹಿತ್ತಾಳೆಯ ಬಿಲ್ಲೆ ಇರುತ್ತವೆ. ತಾಪಗಳು ಸ್ಥಿರವಾದ ಮೇಲೆ ಅವುಗಳನ್ನು ಗುರುತಿಸಿಕೊಂಡು, ಬಳಿಕ ಹಿತ್ತಾಳೆಯ ಬಿಲ್ಲೆಯನ್ನು ಬೇರೆಯಾಗಿ ಕಾಯಿಸಿ ಅದು ಆರುವ ವೇಗವನ್ನು ನಕ್ಷೆಯಲ್ಲಿ ಎಳೆಯಬೇಕು. ಈ ಎರಡನೆಯ ಹಂತ ಏಕೆ ಬೇಕೆಂದು ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿಯದೆ ಉಳಿಯುವುದು ವಿಷಾದದ ಸಂಗತಿ, ಏಕೆಂದರೆ ಫೋರ್ಬ್ಸ್ ಆರಲು ಬಿಟ್ಟ ಚಿಕ್ಕ ಸರಳಿನ ಜಾಗದಲ್ಲಿಯೇ ಆ ಹಿತ್ತಾಳೆಯ ಬಿಲ್ಲೆ ನಿಂತಿದೆ.

ಬಂಡೆಗಳ ವಾಹಕತೆಯ ಪ್ರಶ್ನೆ ಕರ್ನಾಟಕದಲ್ಲಿ ಅತ್ಯಂತ ನೇರವಾಗಿ ಎದುರಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಮೂರು ಕಿಲೋಮೀಟರಿಗೂ ಮೀರಿ ಇಳಿದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ತಾಪ 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತ್ತು, ಕೆಲಸಗಾರರಿಗಾಗಿ ತಂಪುಮಾಡಿದ ಗಾಳಿಯನ್ನು ಕೆಳಗೆ ಕಳುಹಿಸಬೇಕಾಗಿತ್ತು. ಆಳದಿಂದ ನೆಲದ ಮೇಲ್ಮೈಗೆ ಸೆಕೆಂಡಿಗೆ ಎಷ್ಟು ಉಷ್ಣ ಏರಿಬರುತ್ತಿದೆ ಎಂಬುದನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಆಳಕ್ಕಿಳಿದಂತೆ ತಾಪ ಏರುವ ದರವನ್ನು ಅಲ್ಲಿಯ ಬಂಡೆಯ ವಾಹಕತೆಯಿಂದ ಗುಣಿಸಿಯೇ ಅದನ್ನು ಪಡೆಯಬೇಕು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲಿ ಕೋಲಾರದಲ್ಲಿ ಇಂಥ ಅಳತೆಗಳನ್ನು ಕೈಗೊಂಡರು. ಬಂಡೆಯ ವಾಹಕತೆಗಾಗಿ ಭೂಭೌತವಿಜ್ಞಾನದಲ್ಲಿ ರೂಢಿಯಲ್ಲಿರುವ ಮುಖ್ಯ ವಿಧಾನವು ಇಂದಿಗೂ ಹೋಲಿಕೆಯದೇ: ಕೊರೆದು ತೆಗೆದ ಕಲ್ಲಿನ ಬಿಲ್ಲೆಯನ್ನು ವಾಹಕತೆ ಮೊದಲೇ ಗೊತ್ತಿರುವ ಬಿಲ್ಲೆಗಳ ನಡುವೆ ಒತ್ತಿಹಿಡಿದು, ಮೇಲೆ ಬಿಸಿ, ಕೆಳಗೆ ತಂಪು ಕೊಟ್ಟು, ಸ್ಥಿರಸ್ಥಿತಿ ಬಂದಮೇಲೆ ಪ್ರತಿಯೊಂದರ ಎರಡು ಮುಖಗಳ ನಡುವಿನ ತಾಪದ ಇಳಿತವನ್ನು ತಾಳೆನೋಡುತ್ತಾರೆ. ಧಾರವಾಡ ಶಿಲಾವರ್ಗಕ್ಕೆ ಸೇರಿದ ಕೋಲಾರದ ಪುರಾತನ ಪಟ್ಟಿಯ ಕೆಳಗಿನಿಂದ ಮೇಲೇರುವ ಉಷ್ಣವು ಭೂಖಂಡಗಳ ಸರಾಸರಿಗಿಂತ ಸಾಕಷ್ಟು ಕಡಿಮೆ, ತಾಪ ಏರುವ ದರವೂ ಹಾಗೆಯೇ ಕಡಿಮೆ ಎಂಬುದು ಈ ಬಗೆಯ ಅಧ್ಯಯನಗಳಿಂದ ಗೊತ್ತಾಗಿದೆ. ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುವ ಸಾಮಾನ್ಯ ದರ ಅಲ್ಲಿಯೂ ಇದ್ದಿದ್ದರೆ ಗಣಿಯ ತಳದ ಬಂಡೆ ನೂರು ಡಿಗ್ರಿಯ ಆಸುಪಾಸು ಕಾದಿರುತ್ತಿತ್ತು, ಅಷ್ಟು ಆಳದಲ್ಲಿ ಮನುಷ್ಯರು ದುಡಿಯುವುದು ಅಸಾಧ್ಯವಾಗುತ್ತಿತ್ತು.